ಗಣಿತ ಪಕ್ಕಾ, ಫಲ ಗಾಳಿಮಾತು

1962ರ ಫೆಬ್ರವರಿ 3ರಿಂದ 5ರೊಳಗೆ ಲೋಕ ಮುಗಿಯಬೇಕಿತ್ತು. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುತ್ತವೆ, ಭೂಮಿ ಬಾಯಿಬಿಡುತ್ತದೆ, ಸಮುದ್ರ ಉಕ್ಕಿ ಬರುತ್ತದೆ ಎಂಬ ಮಾತು ಬಹಳ ಮೊದಲೇ ಹಬ್ಬಿತ್ತು. ದೇಶದ ಉದ್ದಗಲಕ್ಕೂ ಹೋಮ ಹವನಗಳು ನಡೆದವು. ಊರಿಗೆ ಹೋಗಬೇಕಾದವರು ಪ್ರಯಾಣ ಮುಂದೂಡಿದರು. ಆಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ, ಈಗ ಎಪ್ಪತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ‘ಅಷ್ಟಗ್ರಹ’ ಎಂದರೆ ಸಾಕು, ಒಂದಲ್ಲ ಒಂದು ಕತೆ ಹೊರಬೀಳುತ್ತದೆ. ಹೇಗೂ ಸಾಯುವುದೇ ಎಂದು ಹಟ್ಟಿಯ ಕುರಿ, ಗೂಡಿನ ಕೋಳಿ ಎಲ್ಲ ಮುಗಿಸಿದವರ ಕತೆ ನನಗೆ ಅಚ್ಚುಮೆಚ್ಚು. ಅದರಲ್ಲಿ ನಿಜವೆಷ್ಟು, ಒಗ್ಗರಣೆಯೆಷ್ಟು ಎಂದು ಕೇಳಬಾರದು. ಇದೇ ಕತೆಯನ್ನು 1979ರಲ್ಲಿ ಸ್ಕೈಲ್ಯಾಬ್ ಬೀಳುವಾಗ ನಡೆದದ್ದೆಂದು ಹೇಳುವವರೂ ಇದ್ದಾರೆ.

ಫೆಬ್ರವರಿ 6 ಎಂದಿನಂತೆ ಬೆಳಗಾಯಿತು. ಅದೇ ತಿಂಗಳ 19ರಿಂದ 25ರವರೆಗೆ ಮೂರನೇ ಮಹಾಚುನಾವಣೆಯ ಮತದಾನವೂ ನಡೆಯಿತು.

ಪ್ರಳಯದ ಭವಿಷ್ಯ ಸುಳ್ಳಾಯಿತೆಂದು ನಗುವುದು ಸುಲಭ. ಇಷ್ಟು ಜನ ನಂಬಿದ್ದು ಯಾವುದನ್ನು ನೋಡಿ ಎಂಬುದು ಅದಕ್ಕಿಂತ ಸ್ವಾರಸ್ಯದ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ನಮ್ಮ ಪಂಚಾಂಗದಲ್ಲೇ ಇದೆ. ಯುಗಾದಿಗೆ ತಂದ ಪಂಚಾಂಗವನ್ನು ಬಿಡಿಸಿ. ಒಂದು ಕಡೆ ತಿಥಿ, ನಕ್ಷತ್ರ, ಯೋಗ, ಕರಣಗಳು ಘಳಿಗೆ ವಿಘಳಿಗೆ ಸಮೇತ ಸಾಲುಸಾಲಾಗಿ ನಿಂತಿವೆ. ಗ್ರಹಣದ ಸ್ಪರ್ಶಕಾಲ, ಮೋಕ್ಷಕಾಲ ಅಚ್ಚಾಗಿವೆ. ಇನ್ನೊಂದು ಕಡೆ ಈ ವರ್ಷಕ್ಕೆ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು, ಅದರಿಂದ ಮಳೆ ಎಷ್ಟು, ಯಾವ ರಾಶಿಯವರಿಗೆ ಆದಾಯವೆಷ್ಟು, ವ್ಯಯವೆಷ್ಟು. ಮೊದಲನೆಯದು ಗಣಿತ ಭಾಗ, ಎರಡನೆಯದು ಫಲ ಭಾಗ. ಹೇಳಿದ ಹೊತ್ತಿಗೆ ಸರಿಯಾಗಿ ಗ್ರಹಣ ಹಿಡಿಯುವುದನ್ನು ಕಣ್ಣಾರೆ ಕಂಡ ಮನುಷ್ಯ, ಅದೇ ಹೊತ್ತಿಗೆಯ ಪಕ್ಕದ ಪುಟವೂ ಅಷ್ಟೇ ಖಚಿತವೆಂದು ಭಾವಿಸುತ್ತಾನೆ. ಗಣಿತ ಗಳಿಸಿದ ವಿಶ್ವಾಸವನ್ನು ಫಲ ಕೂತಲ್ಲೇ ಉಣ್ಣುತ್ತದೆ.

1962ರಲ್ಲಿ ಆದದ್ದೂ ಇದೇ. ಗಣಿತದಲ್ಲಿ ಕೂದಲಷ್ಟೂ ತಪ್ಪಿರಲಿಲ್ಲ. ಪ್ಲವ ಸಂವತ್ಸರದ ಪುಷ್ಯ ಅಮಾವಾಸ್ಯೆಯ ಆಸುಪಾಸಿನಲ್ಲಿ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಲ್ಲರೂ ಮಕರದಲ್ಲೇ ಇದ್ದರು. ಚಂದ್ರ ಒಂದು ರಾಶಿಯನ್ನು ದಾಟಲು ತೆಗೆದುಕೊಳ್ಳುವುದು ಎರಡೂಕಾಲು ದಿನ. ಕೂಟದ ಆಯುಷ್ಯವೂ ಅಷ್ಟೇ. ಆದರೆ ಕೂಡಿದ್ದು ನಿಜವಾಗಿ ಎಷ್ಟು ಗ್ರಹ? ರವಿ ನಕ್ಷತ್ರ, ಚಂದ್ರ ಉಪಗ್ರಹ. ಇಬ್ಬರೂ ಪ್ರತಿ ಅಮಾವಾಸ್ಯೆಗೆ ತಪ್ಪದೆ ಕೂಡುವವರು. ಕೇತುವಿಗಂತೂ ಮೈಯೇ ಇಲ್ಲ. ಭೂಮಿಯಿಂದ ಕಾಣುವ ಸೂರ್ಯನ ದಾರಿಯನ್ನು ಚಂದ್ರನ ದಾರಿ ಎರಡು ಕಡೆ ದಾಟುತ್ತದೆ. ಆ ಎರಡು ಬಿಂದುಗಳೇ ರಾಹು, ಕೇತು. ಅವು ಸದಾ ಎದುರುಬದುರು ಇರುವುದರಿಂದ ಒಂಬತ್ತೂ ಗ್ರಹ ಒಂದೇ ರಾಶಿಯಲ್ಲಿ ಸೇರುವುದು ಎಂದೆಂದಿಗೂ ಸಾಧ್ಯವಿಲ್ಲ. ಎಂಟೇ ಗರಿಷ್ಠ ಮಿತಿ. ಅಮಾವಾಸ್ಯೆಯ ದಿನ ಕೇತು ಹತ್ತಿರವಿದ್ದರೆ ಸೂರ್ಯಗ್ರಹಣ ಆಗುತ್ತದೆ, ಆಯಿತು ಕೂಡ. ಅಂದಿನ ಖಗ್ರಾಸದ ನೆರಳು ಬೋರ್ನಿಯೊ, ನ್ಯೂಗಿನಿಯ ಮೇಲೆ ಹಾದು ಪೆಸಿಫಿಕ್ ಸಾಗರಕ್ಕೆ ಸರಿಯಿತು.

ಹಾಗಾದರೆ ಉಳಿದದ್ದು ಐದು ಗ್ರಹ. ಇವು ಒಟ್ಟುಗೂಡಿ ಭೂಮಿಯನ್ನು ಎಳೆದಾಡುತ್ತವೆ ಎಂಬುದು ಅಂದಿನ ಭಯದ ‘ವೈಜ್ಞಾನಿಕ’ ವೇಷ. ಗುರು, ಶನಿಯಂಥ ಹೊರಗಿನ ಗ್ರಹ ಸೂರ್ಯನ ಜತೆ ಒಂದೇ ರಾಶಿಯಲ್ಲಿ ಕಂಡರೆ ಅದು ಸೂರ್ಯನ ಆಚೆ ಬದಿಯಲ್ಲಿದೆ ಎಂದರ್ಥ, ಅಂದರೆ ನಮ್ಮಿಂದ ಅತಿ ದೂರದಲ್ಲಿ. ಬುಧನೊಬ್ಬನನ್ನು ಬಿಟ್ಟರೆ ಉಳಿದ ನಾಲ್ವರೂ ಅಂದು ಆಚೆ ಬದಿಯವರೇ. ಗುರು ಹತ್ತಿರ ಬಂದಾಗ ಭೂಮಿಯಿಂದ ಸುಮಾರು 60 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತಾನೆ. ಆ ದಿನ ಇದ್ದದ್ದು 90 ಕೋಟಿ ಕಿಲೋಮೀಟರಿಗೂ ಆಚೆ. ಕಡಲನ್ನು ಉಬ್ಬಿಸುವ ಸೆಳೆತ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. ದೂರ ಎರಡು ಪಟ್ಟಾದರೆ ಸೆಳೆತ ಎಂಟರಲ್ಲಿ ಒಂದು ಪಾಲು. ಹಾಗೆ ಲೆಕ್ಕ ಹಾಕಿದರೆ ಅಂದು ಗುರುವಿನದು ಚಂದ್ರನ ಸೆಳೆತದ ಐದು ಲಕ್ಷದಲ್ಲಿ ಒಂದು ಪಾಲಿನಷ್ಟು. ಪ್ರಳಯ ತರಲು ಗ್ರಹಗಳು ಆರಿಸಿಕೊಂಡದ್ದು, ಹೆಚ್ಚುಕಡಿಮೆ, ಅವಕ್ಕೆ ಕೈಯೇ ಎಟುಕದ ಗಳಿಗೆಯನ್ನು.

ಇನ್ನೂ ತಮಾಷೆಯ ಸಂಗತಿಯಿದೆ. ನಮ್ಮದು ನಕ್ಷತ್ರಗಳಿಂದ ಅಳೆಯುವ ನಿರಯನ ಲೆಕ್ಕ, ಪಶ್ಚಿಮದವರದು ವಿಷುವದಿಂದ ಅಳೆಯುವ ಸಾಯನ. ಎರಡಕ್ಕೂ ಇಪ್ಪತ್ಮೂರು ಡಿಗ್ರಿಗೂ ಮಿಕ್ಕ ಅಂತರ. ಹಾಗಾಗಿ ಅದೇ ಗ್ರಹಗಳು ಅದೇ ಕ್ಷಣದಲ್ಲಿ ಅಮೆರಿಕದ ಜ್ಯೋತಿಷಿಗಳ ಕುಂಡಲಿಯಲ್ಲಿ ಕುಂಭಕ್ಕೆ ಬಿದ್ದವು. ಅಲ್ಲಿ ಹೆಸರುವಾಸಿಯಾಗಿದ್ದ ಭವಿಷ್ಯಗಾರ್ತಿ ಜೀನ್ ಡಿಕ್ಸನ್, ಫೆಬ್ರವರಿ 5ರಂದು ಮಧ್ಯಪ್ರಾಚ್ಯದಲ್ಲಿ ಜಗತ್ತನ್ನೇ ಬದಲಿಸುವ ಶಿಶುವೊಂದು ಹುಟ್ಟಿತು ಎಂದು ಸಾರಿದರು. ಒಂದೇ ಆಕಾಶ. ಇಲ್ಲಿ ಸೂತಕದ ತಯಾರಿ, ಅಲ್ಲಿ ನಾಮಕರಣದ ಸಂಭ್ರಮ.

ಶಾಸ್ತ್ರವನ್ನೇ ನಂಬುವವರಿಗೂ ಅಂದು ಹೆದರಲು ಕಾರಣವಿರಲಿಲ್ಲ ಎಂಬುದು ನನಗೆ ಬಹಳ ಕುತೂಹಲದ ವಿಷಯ. ಕಲಿಯುಗದ ಆಯಸ್ಸು 4,32,000 ವರ್ಷ. ಪಂಚಾಂಗದ ಮೊದಲ ಪುಟಗಳಲ್ಲೇ ಗತಕಲಿ ಎಷ್ಟು ಎಂದು ಬರೆದಿರುತ್ತದೆ. 1962ರ ಆರಂಭಕ್ಕೆ ಕಳೆದಿದ್ದದ್ದು 5,062 ವರ್ಷ. ಇನ್ನೂ ನಾಲ್ಕು ಲಕ್ಷ ಇಪ್ಪತ್ತಾರು ಸಾವಿರ ವರ್ಷಕ್ಕೂ ಹೆಚ್ಚು ಬಾಕಿ. ಕಲ್ಪಾಂತ್ಯದ ಪ್ರಳಯವಂತೂ ಸಾವಿರ ಮಹಾಯುಗ ಕಳೆದ ಮೇಲಿನ ಮಾತು. ಪುರೋಹಿತರು ಯಾವ ಪೂಜೆಗೆ ಕೂತರೂ ಸಂಕಲ್ಪದಲ್ಲಿ ನಾವೀಗ ಕಲಿಯುಗದ ಪ್ರಥಮ ಪಾದದಲ್ಲಿದ್ದೇವೆ ಎಂದು ಹೇಳಿಯೇ ಮುಂದುವರಿಯುತ್ತಾರೆ. ಅಷ್ಟಗ್ರಹ ಶಾಂತಿಗೆ ಕೂತವರೂ ಅದನ್ನು ಬಿಟ್ಟಿರಲಾರರು. ಬಾಯಲ್ಲಿ ಯುಗ ಈಗಷ್ಟೇ ಶುರುವಾಗಿದೆ ಎಂಬ ಮಂತ್ರ, ಕೈಯಲ್ಲಿ ಯುಗಾಂತ್ಯ ತಪ್ಪಿಸುವ ಆಹುತಿ. ಹೊಗೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲವೋ ಏನೋ.

ದಿನ ಕಳೆದ ಮೇಲೆ ಎರಡು ವಿವರಣೆ ಬಂದವು. ಹೋಮ ಮಾಡಿದ್ದರಿಂದಲೇ ಉಳಿದೆವು ಎಂಬುದು ತಕ್ಷಣದ್ದು. ಎರಡನೆಯದು ಹುಟ್ಟಲು ಎಂಟೂವರೆ ತಿಂಗಳು ಬೇಕಾಯಿತು. ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿದಾಗ, ‘ನೋಡಿದಿರಾ, ಅಷ್ಟಗ್ರಹದ ಫಲ’ ಎಂಬ ಮಾತು ಎದ್ದಿತು. ಫೆಬ್ರವರಿಯಲ್ಲಿ ಹೇಳಿದ್ದು ಸಮುದ್ರ, ಭೂಕಂಪ; ಅಕ್ಟೋಬರಿನಲ್ಲಿ ಒಪ್ಪಿಸಿದ್ದು ಯುದ್ಧ. ಅದೇ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟೂ ಬಂತು, ಅದನ್ನೂ ಖಾತೆಗೆ ಹಾಕಿಕೊಂಡರು. ಈ ಲೆಕ್ಕದಲ್ಲಿ 1962 ಕೆಟ್ಟ ವರ್ಷವಾದರೆ, ಗ್ರಹಗಳು ಚದುರಿ ಕೂತಿದ್ದ 1939 ಯಾರ ಖಾತೆಗೆ ಎಂದು ಕೇಳಬೇಡಿ. ಅಂದ ಹಾಗೆ, ವಿಚಾರವಾದಿ ಎಚ್. ನರಸಿಂಹಯ್ಯನವರ ಬೆಂಗಳೂರು ಸೈನ್ಸ್ ಫೋರಂ ಶುರುವಾದದ್ದೂ 1962ರಲ್ಲೇ. ಅದನ್ನೂ ಗ್ರಹಕೂಟದ ಫಲವೆಂದರೆ ನಾನೂ ಬೋರ್ಡು ಹಾಕಿಕೊಂಡು ಕೂರಬೇಕಾದೀತು.

ಈ ಜಾಣತನ ನಮ್ಮದೊಂದೇ ಅಲ್ಲ. 1186ರ ಸೆಪ್ಟೆಂಬರಿನಲ್ಲಿ ಗ್ರಹಗಳು ತುಲಾದಲ್ಲಿ ಸೇರಿ ಭೀಕರ ಬಿರುಗಾಳಿ ಏಳುತ್ತದೆ ಎಂಬ ಸುದ್ದಿ ಟೊಲೆಡೊದ ಹೆಸರಿನ ಪತ್ರವಾಗಿ ಯುರೋಪಿನಲ್ಲಿ ಸುತ್ತಿತು. ಪರ್ಷಿಯಾದ ಕವಿ, ಜ್ಯೋತಿಷಿ ಅನ್ವರಿಯೂ ಅದನ್ನೇ ಹೇಳಿದ್ದನಂತೆ. ಆ ರಾತ್ರಿ ಎಷ್ಟು ನಿಶ್ಚಲವಾಗಿತ್ತೆಂದರೆ ಮಿನಾರಿನ ತುದಿಯಲ್ಲಿಟ್ಟ ದೀಪದ ಕುಡಿ ಅಲುಗಲಿಲ್ಲ ಎಂದು ಕತೆ. ಅವನ ಪರ ವಹಿಸಿದವರು ಬಿಟ್ಟರೇ? ಬಿರುಗಾಳಿ ಎಂದರೆ ಮುಂದೆ ಬಂದ ಚೆಂಗೀಸ್ ಖಾನನೇ ಎಂದುಬಿಟ್ಟರು. 1499ರಲ್ಲಿ ಜರ್ಮನಿಯ ಯೋಹಾನೆಸ್ ಸ್ಟೋಫ್ಲರ್ ತನ್ನ ಪಂಚಾಂಗದಲ್ಲಿ 1524ರ ಫೆಬ್ರವರಿಗೆ ಮೀನ ರಾಶಿಯಲ್ಲಿ ಗ್ರಹಗಳ ದಟ್ಟಣೆಯನ್ನು ಗುರುತಿಸಿದ. ಇಪ್ಪತ್ತೈದು ವರ್ಷ ಮೊದಲೇ ಹಾಕಿದ ಆ ಲೆಕ್ಕ ಸರಿಯಿತ್ತು. ಮೀನ ಜಲರಾಶಿ, ಆದ್ದರಿಂದ ಜಲಪ್ರಳಯ ಎಂದು ನೂರಕ್ಕೂ ಹೆಚ್ಚು ಕರಪತ್ರಗಳು ಅಚ್ಚಾದವು. ಮುದ್ರಣಯಂತ್ರ ಹೊಸದು, ಭಯ ಚೆನ್ನಾಗಿ ಮಾರಾಟವಾಗುತ್ತಿತ್ತು. ನೋಹನ ಕಾಲದ ನೀರು ಬರಲಿಲ್ಲ. ಆದರೆ 1524–25ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು, ಮೀನ ರಾಶಿಗೆ ಕೊನೆಗೂ ಒಂದು ಫಲ ಸಿಕ್ಕಿತು. ಗಾಳಿ ಎಂದರೆ ಮಂಗೋಲರು, ನೀರು ಎಂದರೆ ರೈತರು, ಭೂಕಂಪ ಎಂದರೆ ಚೀನಾ.

ಇದರ ಪಕ್ಕದಲ್ಲಿ ಮೈಲಾರದ ಕಾರಣಿಕ ಎಂಬ ಭವಿಷ್ಯನುಡಿಯನ್ನು ಇಟ್ಟು ನೋಡಬೇಕು. ಭರತ ಹುಣ್ಣಿಮೆಯ ಜಾತ್ರೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಡಮರು, ಗಂಟೆ, ಲಕ್ಷ ಜನರ ಗದ್ದಲ ಎಲ್ಲ ಒಮ್ಮೆಗೇ ನಿಲ್ಲುತ್ತದೆ. ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ತಾರೀಖಿಲ್ಲ, ಊರಿಲ್ಲ, ಹೆಸರಿಲ್ಲ. ರೈತ ಮಳೆಯನ್ನು ಕೇಳಿಸಿಕೊಳ್ಳುತ್ತಾನೆ, ರಾಜಕಾರಣಿ ಕುರ್ಚಿಯನ್ನು. ಸುಳ್ಳೆಂದು ತೋರಿಸಲು ಬಾರದ ಮಾತು ಅದು. ಹಾಗಾಗಿ ನಿಜವೆಂದು ಸಾಧಿಸಲೂ ಬಾರದು. ಜಾತ್ರೆಗೆ ಬಂದವರಿಗೆ ಇದು ಒಳಗೊಳಗೇ ಗೊತ್ತು ಎಂದು ನನಗನ್ನಿಸುತ್ತದೆ. ಕಾರಣಿಕ ಕೇಳಿ ಯಾರೂ ಹೊಲ ಮಾರುವುದಿಲ್ಲ, ನೇಗಿಲು ಕಟ್ಟಲು ಮನೆಗೆ ಹೋಗುತ್ತಾರೆ. ಅಷ್ಟಗ್ರಹದವರು ಮಾತ್ರ ತಾರೀಖು ಕೊಟ್ಟು ಸಿಕ್ಕಿಬಿದ್ದರು. ಅದೊಂದು ಪ್ರಾಮಾಣಿಕ ಕೆಲಸವನ್ನು ಅವರು ಮಾಡಿದ್ದಂತೂ ಹೌದು.

ವಿಜ್ಞಾನದ ಭಾಷೆ ಬಲ್ಲವರೂ ಇದೇ ಗುಂಡಿಗೆ ಬಿದ್ದದ್ದುಂಟು. 1974ರಲ್ಲಿ ಜಾನ್ ಗ್ರಿಬಿನ್, ಸ್ಟೀಫನ್ ಪ್ಲೇಗ್‌ಮನ್ ಬರೆದ ‘ದಿ ಜುಪಿಟರ್ ಎಫೆಕ್ಟ್’ ಭರ್ಜರಿಯಾಗಿ ಮಾರಾಟವಾಯಿತು; ಮುನ್ನುಡಿ ಐಸಾಕ್ ಅಸಿಮೋವ್ ಅವರದು. 1982ರಲ್ಲಿ ಗ್ರಹಗಳು ಸೂರ್ಯನ ಒಂದೇ ಪಕ್ಕಕ್ಕೆ ಬರುತ್ತವೆ, ಸೂರ್ಯ ಕೆರಳುತ್ತಾನೆ, ಅದರಿಂದ ಭೂಮಿಯ ಸುತ್ತುವ ಗತಿ ಕದಡಿ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಜಾರುತ್ತದೆ ಎಂಬುದು ಸರಪಳಿ. ಒಂದೊಂದು ಕೊಂಡಿಯಲ್ಲೂ ಒಂದೊಂದು ‘ಇರಬಹುದು’. ಬೆಲ್ಜಿಯಂನ ಖಗೋಳ ಗಣಿತಜ್ಞ ಜಾನ್ ಮಿಯಸ್ ಗುಣಿಸಿ ನೋಡಿದರೆ ಗ್ರಹಗಳು ಸಾಲಿನಲ್ಲಿರಲಿಲ್ಲ, ಸುಮಾರು 95 ಡಿಗ್ರಿಯಷ್ಟು ಹರಡಿದ್ದವು. ಇಲ್ಲಿ ಗಣಿತವೂ ಕೈಕೊಟ್ಟಿತ್ತು. ಎಲ್ಲರೂ ಹೆದರಿ ಕಾದಿದ್ದ 1982ರ ಮಾರ್ಚ್ 10 ಬಂತು, ಹೋಯಿತು. ಆದರೆ ಗ್ರಿಬಿನ್ ಅದಕ್ಕೆ ಮೊದಲೇ ತಮ್ಮ ವಾದ ನಿಲ್ಲುವುದಿಲ್ಲವೆಂದು ಬಹಿರಂಗವಾಗಿ ಕೈಬಿಟ್ಟಿದ್ದರು. ಪ್ರಳಯ ಹೇಳಿದವರಲ್ಲಿ ಇಂಥವರು ತೀರಾ ಅಪರೂಪ.

ಅನುಮಾನಿಸುವವರ ಕಡೆಗೂ ಒಂದು ಪ್ರಶ್ನೆ ಎಸೆಯಬೇಕು. ಭವಿಷ್ಯ ಸುಳ್ಳಾದಾಗ ನಂಬಿಕೆ ಕರಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಾವೆಲ್ಲ ಹೇಳುತ್ತಿರುತ್ತೇವೆ. ಅದರ ಮೂಲ 1956ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರೆದ ಪುಸ್ತಕ. ಶಿಕಾಗೊ ಬಳಿಯ ಡೊರೊಥಿ ಮಾರ್ಟಿನ್ ಎಂಬಾಕೆ, 1954ರ ಡಿಸೆಂಬರ್ 21ಕ್ಕೆ ಮಹಾಪೂರ ಬರುತ್ತದೆಂದು ಅನ್ಯಲೋಕದವರಿಂದ ಸಂದೇಶ ಪಡೆದಿದ್ದರು. ಪೂರ ಬರಲಿಲ್ಲ, ನಮ್ಮ ಪುಟ್ಟ ಗುಂಪಿನ ಬೆಳಕಿನಿಂದ ಲೋಕ ಉಳಿಯಿತು ಎಂಬ ಹೊಸ ಸಂದೇಶ ಬಂತು. ನಮ್ಮ ಹೋಮದ ವಿವರಣೆಯ ಖಾಸಾ ತಂಗಿ. ಆದರೆ ಆ ಸಣ್ಣ ಗುಂಪಿನಲ್ಲಿ ಭಕ್ತರ ವೇಷ ಹಾಕಿಕೊಂಡು ಸೇರಿದ್ದ ಸಂಶೋಧಕರೇ ಹಲವರಿದ್ದರು. ಒಳಸೇರಲು ಅವರು ಕಟ್ಟಿ ಹೇಳಿದ ಕನಸು ಕೇಳಿಯೇ ಭಕ್ತರ ನಂಬಿಕೆ ಹೆಚ್ಚಿತೆಂದು ಪುಸ್ತಕವೂ ಒಪ್ಪಿಕೊಳ್ಳುತ್ತದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಿನ ಕಾಗದಪತ್ರಗಳನ್ನೇ ಜಾಲಾಡಿ, ಪುಸ್ತಕದ ನಿರೂಪಣೆಗೂ ನಡೆದದ್ದಕ್ಕೂ ಬಹಳ ಅಂತರವಿದೆ ಎಂದು ವಾದಿಸಿದೆ. ಜ್ಯೋತಿಷಿಯ ಪುರಾವೆಯನ್ನು ಒರೆಗೆ ಹಚ್ಚುವವರು ತಮಗೆ ಹಿತವಾದ ಪುರಾವೆಯನ್ನು ಹಾಗೇ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಮುಂದಿನ ದೊಡ್ಡ ಅವಕಾಶ 2040ರ ಸೆಪ್ಟೆಂಬರ್ 8. ಬುಧ, ಶುಕ್ರ, ಕುಜ, ಗುರು, ಶನಿ ಐವರೂ ಹತ್ತು ಡಿಗ್ರಿಯೊಳಗೆ, ಅಂದರೆ ಕೈ ಮುಂದೆ ಚಾಚಿ ಹಿಡಿದ ಮುಷ್ಟಿಯಷ್ಟು ಜಾಗದಲ್ಲಿ ಕೂಡುತ್ತಾರೆ, ಪಕ್ಕದಲ್ಲಿ ಬಿದಿಗೆಯ ಆಸುಪಾಸಿನ ಚಂದ್ರ. ಈ ಗಣಿತವನ್ನು ಕಣ್ಣು ಮುಚ್ಚಿ ನಂಬಬಹುದು. ಫಲ ಹೇಳುವವರು 2039ರ ಯುಗಾದಿಯ ಹೊತ್ತಿಗೆ ಟೀವಿಯಲ್ಲಿ ಕೂತಿರುತ್ತಾರೆ. ಅವರು ಏನಾಗುತ್ತದೆ, ಎಲ್ಲಾಗುತ್ತದೆ, ಎಂದು ಆಗುತ್ತದೆ ಎನ್ನುವುದನ್ನು ಆಗಲೇ ಬರೆದಿಟ್ಟುಕೊಂಡರೆ ಆಮೇಲೆ ಅರ್ಥ ಬದಲಿಸಲು ಜಾಗವಿರುವುದಿಲ್ಲ. 1962ರಲ್ಲಿ ಎಲ್ಲ ಗ್ರಹಗಳೂ ಸೂರ್ಯನ ಪ್ರಖರತೆಯಲ್ಲಿ ಮುಳುಗಿದ್ದರಿಂದ ಜನ ಹೆದರಿದ್ದು ಒಬ್ಬರಿಗೂ ಕಾಣದ ಕೂಟಕ್ಕೆ. ಈ ಸಲ ಸೂರ್ಯ ಗುಂಪಿನಲ್ಲಿಲ್ಲ. ಮೋಡವೊಂದು ಅಡ್ಡ ಬಾರದಿದ್ದರೆ ಸೂರ್ಯ ಮುಳುಗಿದ ಮೇಲೆ ಪಶ್ಚಿಮದ ಕಡೆ, ಕನ್ಯಾ ರಾಶಿಯ ದಿಕ್ಕಿನಲ್ಲಿ, ದೂರದರ್ಶಕವಿಲ್ಲದೆಯೇ ಐದನ್ನೂ ಎಣಿಸಬಹುದು.