ಕಾಂಟಾದಿಂದ ಗಾದಿಗೆ, ತಂತಿ ಇಲ್ಲದೆ

ತೊಗರಿ ಸುಗ್ಗಿ ಬಂತೆಂದರೆ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಅಡತಿ ಅಂಗಡಿಗಳಲ್ಲಿ ಮಾತಿಗೆ ಪುರಸೊತ್ತಿರುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ಕಾಂಟಾ, ಒಳಗೆ ಗಾದಿಯ ಮೇಲೆ ಮುನೀಮ. ಹಮಾಲ ತೆಲುಗಿನಲ್ಲಿ ತೂಕ ಕೂಗುತ್ತಾನೆ, ಒಳಗಿದ್ದವ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. 48.6 ಕಿಲೋ ಅಂದದ್ದು ಗದ್ದಲದಲ್ಲಿ 46.8 ಆಗಿ ಚೀಟಿಯಲ್ಲಿ ಕೂತರೆ ರೈತನ 1.8 ಕಿಲೋ ಹೋಯ್ತು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಲೆಕ್ಕದಲ್ಲಿ ಒಂದೇ ಚೀಲಕ್ಕೆ 144 ರೂಪಾಯಿ. ಬರೆದವನ ಮನಸ್ಸಿನಲ್ಲಿ ಮೋಸ ಇರಲಿಕ್ಕಿಲ್ಲ, ಕಿವಿ ತಪ್ಪಿರಬಹುದು. ಆದರೆ ಆಗೋ ಜಗಳ ಮಾತ್ರ ಮೋಸದ್ದೇ.

ಈ ಕೂಗಾಟ ತಪ್ಪಿಸುವ ದಾರಿ ವೈರ್‌ಲೆಸ್ ನೆಟ್‌ವರ್ಕ್, ಜನರ ಬಾಯಲ್ಲಿ ವೈಫೈ. ಕಂಪ್ಯೂಟರಿಗೆ ಜೋಡಿಸುವ ಪೋರ್ಟ್ ಇರುವ ಎಲೆಕ್ಟ್ರಾನಿಕ್ ಕಾಂಟಾಕ್ಕೆ ಅಂಗೈಯಗಲದ ಒಂದು ಪೆಟ್ಟಿಗೆ ಹಚ್ಚಿದರೆ, ತೂಕದ ಅಂಕಿ ಗಾಳಿಯಲ್ಲೇ ಗಾದಿಯ ಕಂಪ್ಯೂಟರ್ ಸೇರುತ್ತದೆ, ಪ್ರಿಂಟರಿನಿಂದ ಪಟ್ಟಿಯಾಗಿ ಹೊರಬರುತ್ತದೆ. ಎದುರಿಗೊಂದು ಪರದೆ ಇಟ್ಟರೆ ರೈತನೂ ಅದೇ ಅಂಕಿಯನ್ನು ಅದೇ ಗಳಿಗೆಯಲ್ಲಿ ನೋಡಬಹುದು. ಪಟ್ಟಿ ಕನ್ನಡದಲ್ಲಿ ಬೇಕೋ ತೆಲುಗಿನಲ್ಲಿ ಬೇಕೋ ಅವರವರ ಇಷ್ಟ. ಒಂದು ಎಚ್ಚರಿಕೆ: ಕಾಂಟಾದ ಸರ್ಕಾರಿ ಸೀಲನ್ನು ಸ್ವಂತ ಕೈಯಿಂದ ಬಿಚ್ಚಬಾರದು. ಲೈಸೆನ್ಸ್ ಇದ್ದ ರಿಪೇರಿಯವರಿಂದಲೇ ಮಾಡಿಸಬೇಕು, ವರ್ಷಕ್ಕೊಮ್ಮೆಯ ಮುದ್ರೆ ತಪ್ಪಬಾರದು.

ಇಲ್ಲಿ ಬಹಳ ಮಂದಿ ಎಡವುವ ಮಾತೊಂದಿದೆ. ವೈಫೈ ಬೇರೆ, ಇಂಟರ್‌ನೆಟ್ ಬೇರೆ. ‘ಟವರ್ ಹೋದ್ರ ಎಲ್ಲಾ ಹೋತು’ ಅನ್ನೋದು ಅರ್ಧ ಮಾತ್ರ ನಿಜ. ಟವರ್ ಬಿದ್ದರೆ ಫೋನ್‌ಪೇ, ಗೂಗಲ್‌ಪೇ ನಿಲ್ಲುತ್ತವೆ, ಪೇಟೆಯ ಧಾರಣಿ ಬರುವುದಿಲ್ಲ. ಆದರೆ ಲೆಕ್ಕದ ಪ್ರೋಗ್ರಾಂ ಅಂಗಡಿಯ ಕಂಪ್ಯೂಟರಿನಲ್ಲೇ ಇದ್ದರೆ ಕಾಂಟಾ, ಕಂಪ್ಯೂಟರ್, ಪ್ರಿಂಟರ್ ತಮ್ಮತಮ್ಮಲ್ಲಿ ಮಾತಾಡುತ್ತಲೇ ಇರುತ್ತವೆ. ಅವಕ್ಕೆ ಹೊರಗಿನ ಟವರ್ ಬೇಡ, ಒಳಗಿನ ರೂಟರ್ ಸಾಕು. ಕರೆಂಟು ಹೋದರೆ ಮಾತ್ರ ರೂಟರೂ ಮಲಗುತ್ತದೆ. ಕಾಂಟಾಕ್ಕೆ ಬ್ಯಾಟರಿ ಇಟ್ಟು ರೂಟರಿಗೆ ಇಡದಿದ್ದರೆ ಮತ್ತೆ ಕೂಗಾಟವೇ ಗತಿ.

ಗಡಿಯ ವ್ಯಾಪಾರಸ್ಥನಿಗೆ ಟವರಿನ ಕಷ್ಟ ಹೊಸದೇನಲ್ಲ. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಮುಂದೆ ಮೊಬೈಲು ಈ ಸೀಮೆಗೂ ಬಂದಾಗ ಕರ್ನಾಟಕ ಒಂದು ಸರ್ಕಲ್, ಆಂಧ್ರ ಇನ್ನೊಂದು. ಬೀದರಿನ ಸಿಮ್ ಹಾಕಿಕೊಂಡು ಜಹೀರಾಬಾದಿಗೆ ಬಂದವ ಬರುವ ಕರೆಗೂ ದುಡ್ಡು ಕೊಟ್ಟ. ಸ್ವಂತ ಅಂಗಡಿಯ ವೈಫೈಗೆ ಸರ್ಕಲ್ಲೂ ಇಲ್ಲ, ರೋಮಿಂಗೂ ಇಲ್ಲ.

ಲೈಸೆನ್ಸಿನ ತೊಡಕೂ ಇಲ್ಲ. ಸರ್ಕಾರ 2005ರಲ್ಲಿ 2.4 ಗಿಗಾಹರ್ಟ್ಸ್ ತರಂಗವನ್ನೂ, 2018ರಲ್ಲಿ 5 ಗಿಗಾಹರ್ಟ್ಸಿನ ದೊಡ್ಡ ಪಾಲನ್ನೂ ಲೈಸೆನ್ಸಿನಿಂದ ಬಿಡುಗಡೆ ಮಾಡಿತು. ಯಂತ್ರ ಮಾತ್ರ ಮಂಜೂರಾತಿ ಪಡೆದದ್ದಿರಬೇಕು. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. ಎರಡನೆಯದು ವೇಗದ್ದು, ಗೋಡೆ ಕಂಡರೆ ಸೋಲುತ್ತದೆ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆ, ತಗಡಿನ ಶೆಡ್ಡು, ಮಾಳಿಗೆ ಮುಟ್ಟುವ ಚೀಲದ ಥಪ್ಪಿ ಎಲ್ಲವೂ ತರಂಗಕ್ಕೆ ಅಡ್ಡಿ. ಹಾಗಾಗಿ ರೂಟರನ್ನು ಗಲ್ಲಾಪೆಟ್ಟಿಗೆಯ ಹಿಂದೆ ಬಚ್ಚಿಡದೆ, ಕಾಂಟಾ ಕಾಣುವಂತೆ ಎತ್ತರದಲ್ಲಿ ಹಾಕಬೇಕು. ತಾಂಡೂರಿನ ಪಾಲಿಶ್ ಕಲ್ಲಿನ ಕಾರ್ಖಾನೆಯಂಥ ಕಡೆ ವೇಬ್ರಿಜ್ ಗೇಟಿನ ಹತ್ತಿರ, ಆಫೀಸು ಆ ತುದಿಗೆ ಇದ್ದರೆ ಎದುರುಬದುರು ಎರಡು ಆಂಟೆನಾ ಹಾಕಿ ಜೋಡಿಸಬಹುದು. ನಡುವೆ ಮರ, ಲಾರಿ ಅಡ್ಡ ಬರದಿದ್ದರೆ ಸರಿ. ನೆಲ ಅಗೆದು ಕೇಬಲ್ ಹಾಕಿ, ಅದು ಲಾರಿ ಗಾಲಿಗೋ ಹೆಗ್ಗಣದ ಬಾಯಿಗೋ ಸಿಗುವುದಕ್ಕಿಂತ ಇದು ಮೇಲು. ಹಾಗೆಂದು ಎಲ್ಲ ಕಡೆ ತಂತಿ ಕಿತ್ತೆಸೆಯಿರಿ ಎಂದು ಈ ಲೇಖಕ ಹೇಳುತ್ತಿಲ್ಲ. ಕಂಪ್ಯೂಟರಿನ ಪಕ್ಕದಲ್ಲೇ ಪ್ರಿಂಟರ್ ಇದ್ದರೆ ಒಂದು ಮೊಳದ ತಂತಿಯೇ ಭದ್ರ.

ಪಾಸ್‌ವರ್ಡಿನ ವಿಷಯದಲ್ಲಿ ನಮ್ಮವರ ಔದಾರ್ಯ ಅತಿಯಾಯಿತು. ಚಹಾದ ಹುಡುಗನಿಗೂ ಗೊತ್ತು, ಲಾರಿ ಡ್ರೈವರನಿಗೂ ಗೊತ್ತು. ಲೆಕ್ಕದ ಕಂಪ್ಯೂಟರ್ ಇರುವ ಜಾಲಕ್ಕೇ ಬಂದವರ ಫೋನೆಲ್ಲ ಸೇರಿದರೆ ಯಾರ ಬಾಕಿ ಎಷ್ಟು ಎಂಬ ಖಾತೆ ಬೀದಿಗೆ ಬಿದ್ದೀತು. ಈಗಿನ ಬಹುತೇಕ ರೂಟರುಗಳಲ್ಲಿ ‘ಗೆಸ್ಟ್’ ಎಂಬ ಬೇರೆ ಜಾಲ ಇರುತ್ತದೆ, ಗಿರಾಕಿಗಳಿಗೆ ಅದನ್ನು ಕೊಡಿ. ಕಂಪನಿಯಿಂದ ಬಂದಾಗ ಇದ್ದ ‘ಅಡ್ಮಿನ್’ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಹೊಸದನ್ನು ಖಾತೆ ಪುಸ್ತಕದ ಒಳಗೆ ಬರೆದಿಡಿ. ಗೋಡೆಯ ಕ್ಯಾಲೆಂಡರಿನ ಮೇಲೆ ಬೇಡ.