ಸ್ಟೇ ಇದ್ದರೂ ಗೋಡೆ ಎದ್ದರೆ ಜೈಲು ದೂರವಿಲ್ಲ!

ಶುಕ್ರವಾರ ಸಂಜೆ ಕೋರ್ಟು ಏಳುವ ಹೊತ್ತಿಗೆ ತಡೆಯಾಜ್ಞೆ ಬಂತು ಅಂತಿಟ್ಟುಕೊಳ್ಳಿ. ಮಾರನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಕೋರ್ಟಿನ ಬಾಗಿಲು ತೆಗೆಯುವಷ್ಟರಲ್ಲಿ ಎರಡು ಅಂಗಡಿಗಳ ನಡುವಿನ ಓಣಿಯಲ್ಲಿ ಎದೆಮಟ್ಟದ ಗೋಡೆ ಎದ್ದು, ಸುಣ್ಣವನ್ನೂ ಬಳಿದಾಗಿರುತ್ತೆ! ಪೇಟೆ ಬೀದಿಗಳಲ್ಲಿ ಇದು ಹಳೇ ಆಟ. "ಎದ್ದ ಗೋಡೆ ಎದ್ದಾಯ್ತು, ಈಗೇನ್ ಮಾಡ್ತಾರ್ರೀ?" ಎಂದು ಕೇಳುವ ಶೂರರು ಪ್ರತಿ ಊರಲ್ಲೂ ಇದ್ದಾರೆ.

ಏನು ಮಾಡ್ತಾರೆ ಎನ್ನುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. 39ನೇ ಆದೇಶದ 2ಎ ನಿಯಮ. 1976ರ ತಿದ್ದುಪಡಿಯಲ್ಲಿ ಸೇರಿದ ಈ ನಿಯಮದ ಪ್ರಕಾರ, ತಾತ್ಕಾಲಿಕ ತಡೆಯಾಜ್ಞೆ (ನಮ್ಮ ಜನ ಇದಕ್ಕೂ 'ಸ್ಟೇ' ಅಂತಲೇ ಅಂತಾರೆ) ಮೀರಿದವನ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಬಹುದು. ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಜಪ್ತಿ ಒಂದು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ವರ್ಷ ತುಂಬಿದರೂ ಆಸಾಮಿ ಮೊಂಡುತನ ಬಿಡದಿದ್ದರೆ ಜಪ್ತಿಯಾದದ್ದನ್ನು ಮಾರಿ, ನೊಂದವರಿಗೆ ಪರಿಹಾರ ಕೊಟ್ಟು, ಉಳಿದದ್ದನ್ನು ಹಕ್ಕುದಾರನಿಗೆ ಕೊಡುತ್ತಾರೆ. ಮೊದಲು ಜಪ್ತಿ, ಆಮೇಲಷ್ಟೇ ಜೈಲು ಎಂದು ವಾದಿಸಿ ನೋಡಿದವರೂ ಉಂಟು. ಎರಡರಲ್ಲಿ ಒಂದನ್ನಾದರೂ ಮಾಡಬಹುದು, ಎರಡನ್ನೂ ಮಾಡಬಹುದು ಎಂದು 1998ರಲ್ಲೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ.

ಗೋಡೆಯ ಗತಿ? ಆಜ್ಞೆ ಮೀರಿ ಕಟ್ಟಿದ್ದನ್ನು ಕೆಡವಿ ಮೊದಲಿನ ಸ್ಥಿತಿಗೆ ತನ್ನಿ ಎಂದು ಹೇಳುವ ಅಧಿಕಾರ ಕೋರ್ಟಿಗಿದೆ. ಇಟ್ಟಿಗೆ, ಸಿಮೆಂಟು, ಕೂಲಿ ಎಲ್ಲಾ ನೀರಿನಲ್ಲಿ ಹೋಮ!

ಇನ್ನೊಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಬಲವಾಗಿದೆ. "ಆ ಸ್ಟೇನೇ ತಪ್ಪು ಸ್ವಾಮಿ, ಆ ಕೋರ್ಟಿಗೆ ಅಧಿಕಾರವೇ ಇಲ್ಲ, ನಾನ್ಯಾಕೆ ಕೇಳಲಿ?" ಹಾಗನ್ನುವಂತಿಲ್ಲ. ದಾವಾ ನಡೆಸುವ ಅಧಿಕಾರ ಕೆಳಗಿನ ಕೋರ್ಟಿಗೆ ಇರಲಿಲ್ಲ ಎಂದು ಆಮೇಲೆ ತೀರ್ಮಾನವಾದರೂ, ಆಜ್ಞೆ ಜಾರಿಯಲ್ಲಿದ್ದಾಗ ಮೀರಿದವನಿಗೆ ಶಿಕ್ಷೆ ತಪ್ಪದು. 1997ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇದು. ಆಜ್ಞೆ ತಪ್ಪಾಗಿದ್ದರೆ ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಿ, ಇಲ್ಲವೇ ಅಪೀಲು ಹೋಗಿ. ಅಪೀಲು ಹಾಕಿದ ಮಾತ್ರಕ್ಕೆ ಆಜ್ಞೆ ನಿಲ್ಲುವುದಿಲ್ಲ, ಮೇಲಿನ ಕೋರ್ಟು ನಿಲ್ಲಿಸಿದರೆ ಮಾತ್ರ ನಿಲ್ಲುತ್ತೆ. ವಕೀಲರ ಗುಮಾಸ್ತರು "ಅಪೀಲು ಬಿದ್ದಾಯ್ತು, ಕೆಲಸ ಶುರು ಹಚ್ಕೊಳ್ಳಿ" ಅಂದರೆ ನಂಬಬೇಡಿ.

ಸ್ಟೇ ತಂದವರ ಪಾಡೂ ಸುಖದ್ದೇನಲ್ಲ. ಪ್ರತಿ ಹಿಡಿದು ಪೊಲೀಸ್ ಠಾಣೆಗೆ ಓಡುತ್ತಾರೆ. "ಇದು ಸಿವಿಲ್ ಮ್ಯಾಟರು, ಕೋರ್ಟಿಗೇ ಹೋಗ್ರಿ" ಅನ್ನುತ್ತಾರೆ ದಫೇದಾರರು. ಸಿಟ್ಟು ಬರುತ್ತೆ ನಿಜ, ಆದರೆ ಆ ಮಾತಿನಲ್ಲಿ ಹುರುಳಿದೆ. ತಡೆಯಾಜ್ಞೆ ಮೀರಿದನೆಂದು ಪೊಲೀಸರು ತಾವಾಗಿ ಹಿಡಿದು ಜೈಲಿಗೆ ಹಾಕುವಂತಿಲ್ಲ. ಆಜ್ಞೆ ಕೊಟ್ಟ ಕೋರ್ಟಿನಲ್ಲೇ 2ಎ ಅರ್ಜಿ ಹಾಕಬೇಕು. ಪೊಲೀಸ್ ರಕ್ಷಣೆ ಬೇಕಾದರೆ ಅದನ್ನೂ ಅಲ್ಲೇ ಕೇಳಬೇಕು.

ಅರ್ಜಿ ಹಾಕಿದರೆ ಸಾಲದು, ರುಜುವಾತು ಬೇಕು. ಎದುರಿನವನಿಗೆ ಆಜ್ಞೆ ಗೊತ್ತಿತ್ತು, ಗೊತ್ತಿದ್ದೂ ಬೇಕಂತಲೇ ಮೀರಿದ ಎಂದು ತೋರಿಸಬೇಕು. ಕೇರಳದ ಒಂದು ಬೇಕರಿಯ ಹೆಸರಿನ ತಕರಾರಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು: ಬರೀ ಮೀರಿದರೆ ಸಾಲದು, ಉದ್ದೇಶಪೂರ್ವಕವಾಗಿ ಮೀರಿರಬೇಕು. ಆದ್ದರಿಂದ ಏಕಪಕ್ಷೀಯ ಆಜ್ಞೆ ಸಿಕ್ಕ ಕೂಡಲೇ ದಾವಾ ಅರ್ಜಿ, ಪ್ರಮಾಣಪತ್ರ ಸಮೇತ ಪ್ರತಿಗಳನ್ನು ಎದುರು ಪಕ್ಷಕ್ಕೆ ತಲುಪಿಸಿ ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಕಳಿಸಲೇಬೇಕು ಎನ್ನುವುದು ಕಾನೂನು, ನಿಮ್ಮ ಔದಾರ್ಯವಲ್ಲ. ಅಂಚೆ ರಸೀದಿ ಕಳೆಯಬೇಡಿ. ಕೆಲಸ ನಡೆಯುತ್ತಿದ್ದರೆ ಫೋಟೋ ತೆಗೆದಿಡಿ. ಸ್ಥಳ ನೋಡಲು ಕಮಿಷನರನ್ನು ನೇಮಿಸಿ ಎಂದೂ ಕೇಳಬಹುದು.

ದೊಡ್ಡವರಿಗೆ ಇದೆಲ್ಲ ಎಲ್ಲಿ ನಾಟುತ್ತೆ ಅಂತೀರಾ? ಕರ್ನಾಟಕ ಸರ್ಕಾರದ ಕಾರ್ಯದರ್ಶಿಯಾಗಿದ್ದ ಜೆ. ವಾಸುದೇವನ್ ಎಂಬ ಐ.ಎ.ಎಸ್. ಅಧಿಕಾರಿಗೆ 1995ರಲ್ಲಿ ಸುಪ್ರೀಂ ಕೋರ್ಟು ಒಂದು ತಿಂಗಳ ಸಜೆ ಕೊಟ್ಟಿತು. 2006ರಲ್ಲಿ ಮಹಾರಾಷ್ಟ್ರದ ಮಂತ್ರಿ ಸ್ವರೂಪ್ ಸಿಂಗ್ ನಾಯಕರಿಗೂ ಒಂದು ತಿಂಗಳು, ಆದೇಶ ಮೀರಿ ಮರ ಕೊಯ್ಯುವ ಮಿಲ್ಲುಗಳಿಗೆ ಅವಕಾಶ ಕೊಟ್ಟಿದ್ದಕ್ಕೆ. ಅವೆರಡೂ ನ್ಯಾಯಾಂಗ ನಿಂದನೆಯ ಪ್ರಕರಣಗಳು. 1971ರ ಆ ಕಾಯಿದೆಯಲ್ಲಿ ಆರು ತಿಂಗಳವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ.

ತಮ್ಮ ಬೆನ್ನ ಹಿಂದೆ ಸ್ಟೇ ತರುತ್ತಾರೆಂಬ ಅನುಮಾನವಿರುವ ಅಂಗಡಿಯವರು ಮೊದಲೇ ಕೋರ್ಟಿನಲ್ಲಿ ಕೇವಿಯಟ್ ಹಾಕಿಡಬಹುದು. ನಿಮಗೆ ನೋಟೀಸು ಕೊಡದೆ ಅರ್ಜಿ ವಿಚಾರಣೆಗೆ ಬರುವುದಿಲ್ಲ. ಅದಕ್ಕೆ ಆಯುಸ್ಸು 90 ದಿನ. 91ನೇ ದಿನ ಎದುರಿನವನು ಕೋರ್ಟಿನ ಮೆಟ್ಟಿಲು ಹತ್ತಿದರೆ ಅದು ಕೆಲಸಕ್ಕೆ ಬರುವುದಿಲ್ಲ, ಹೊಸದಾಗಿ ಹಾಕಬೇಕು.