ಜೇನು ಕಟ್ಟಿದರೆ ಸುಡದಿರಿ

ನಗರದ ಕಟ್ಟಡಗಳಲ್ಲಿ ಜೇನು ಕಟ್ಟಿತೆಂದರೆ ಬೆಂಕಿ, ಕೀಟನಾಶಕಗಳ ಮಾತೇ ಮೊದಲು ಕೇಳಿಬರುತ್ತದೆ. ಆದರೆ ಅದು ಯಾವ ಜೇನೆಂಬುದನ್ನು ಅರಿತರೆ ಅನೇಕ ಕುಟುಂಬಗಳನ್ನು ಉಳಿಸಬಹುದು.

ಎತ್ತರದ ಸಜ್ಜೆಯಡಿ ಒಂದೇ ದೊಡ್ಡ ಎರಿಯನ್ನು ಇಳಿಬಿಡುವುದು ಹೆಜ್ಜೇನು. ಇದು ಪೆಟ್ಟಿಗೆಗೆ ಒಗ್ಗದು. ಋತುವಿಗನುಗುಣವಾಗಿ ವಲಸೆ ಹೋಗುವ ಜೀವಿಯಾದುದರಿಂದ, ಕೆಣಕದೆ ದೂರವಿದ್ದು ಕಾಯುವುದೇ ಲೇಸು. ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳ ಕತ್ತಲಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಇದನ್ನು ಪೆಟ್ಟಿಗೆಗೆ ವರ್ಗಾಯಿಸಬಹುದು.

ಪರಿಣತರು ಸಂಜೆಯ ವೇಳೆ ಮೆಲ್ಲನೆ ಹೊಗೆಯೂಡಿ, ಮರಿಗಳಿರುವ ಎರಿಗಳನ್ನು ಕತ್ತರಿಸಿ, ಬಾಳೆನಾರಿನಿಂದ ಮರದ ಚೌಕಟ್ಟುಗಳಿಗೆ ಕಟ್ಟುತ್ತಾರೆ. ರಾಣಿಯು ಒಳಸೇರಿದರೆ ಉಳಿದ ನೊಣಗಳು ಹಿಂಬಾಲಿಸುತ್ತವೆ. ರಾಣಿ ಹೊರಹೋಗದಂತೆ, ಕೆಲಸಗಾರ ನೊಣಗಳು ಮಾತ್ರ ನುಸುಳಬಲ್ಲ ತಡೆಯನ್ನು ಕೆಲವು ದಿನ ಬಾಗಿಲಿಗೆ ಇಡುತ್ತಾರೆ. ಅಷ್ಟರಲ್ಲಿ ನೊಣಗಳೇ ಮೇಣದಿಂದ ಎರಿಯನ್ನು ಚೌಕಟ್ಟಿಗೆ ಬೆಸೆದುಕೊಳ್ಳುತ್ತವೆ. 1962ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ಜೇನುಸಾಕಣೆಯ ವಿದ್ಯೆಯನ್ನು ಕಲಿಸುತ್ತ ಬಂದಿದೆ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ಕರ್ನಾಟಕ, ಕೇರಳಗಳ ಅಸಂಖ್ಯ ತುಡುವೆ ಕುಟುಂಬಗಳನ್ನು ಅಳಿಸಿತು. ಆದುದರಿಂದ ಬದುಕುಳಿದ ಪ್ರತಿಯೊಂದು ಕುಟುಂಬವೂ ಅಮೂಲ್ಯ.

ಅನುಭವವಿಲ್ಲದವರು ಈ ಕಾರ್ಯಕ್ಕೆ ಕೈಹಾಕಬಾರದು. ಜೇನು ಕುಟುಕಿದರೆ ಮೊದಲು ಅಲ್ಲಿಂದ ದೂರ ಸರಿದು, ಚರ್ಮದಲ್ಲಿ ಉಳಿದ ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಬೇಕು. ಉಸಿರಾಟದ ತೊಂದರೆ, ನಾಲಿಗೆಯ ಊತ, ತಲೆಸುತ್ತು ತೋರಿದರೆ, ಅಥವಾ ಹಲವು ನೊಣಗಳು ಕುಟುಕಿದ್ದರೆ, ಕೂಡಲೇ ಆಸ್ಪತ್ರೆಗೆ ಸೇರಿಸುವುದು ಅತ್ಯಗತ್ಯ.

ಹೂವು ಕಾಯಾಗಲು ನೆರವಾಗುವ ಜೀವಿಗೆ ಒಂದು ಪೆಟ್ಟಿಗೆಯಷ್ಟು ಜಾಗ ಹೆಚ್ಚಿನದೇನಲ್ಲ.